ಬೇಸಿಗೆಯಲ್ಲಿ ಹೆಚ್ಚು ಉರಿದ ಎಣ್ಣೆ

ನಮ್ಮ ಮಾವನವರ ಅಂಗೈ ಎಷ್ಟು ಅಗಲವೆಂದರೆ, ಕಂದೀಲಿನ ಗಾಜಿನೊಳಗೆ ಎರಡು ಬೆರಳು ಬಿಟ್ಟು ಮತ್ತೇನೂ ಹೋಗುತ್ತಿರಲಿಲ್ಲ. ಆ ಬೆರಳುಗಳಿಗೆ ಅರಿವೆ ಸುತ್ತಿ, ಬೂದಿ ಮುಟ್ಟಿಸಿ, ಸಂಜೆ ಪಡಸಾಲೆಯಲ್ಲಿ ಕೂತು ಗಾಜು ತಿಕ್ಕುವರು. ನಾನು ಕೊಳಕೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಕೈ ನೋಡಿ, "ಯವ್ವಾ, ನಿನ್ನ ಕೈ ಪೂರಾ ಒಳಗ ಹೋಗ್ತದ ನೋಡು. ನಾಳಿಂದ ಈ ನೌಕರಿ ನಿಂದು" ಎಂದು ನಕ್ಕರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ನಗು ಅದು.

ಕಂದೀಲಿನ ವಿದ್ಯೆ ಕಲಿಸಿದವರೂ ಅವರೇ. ಬತ್ತಿ ಓರೆ ಕತ್ತರಿಸಿದರೆ ಹೊಗೆ, ಹೊಗೆಯಾದರೆ ಗಾಜು ಕಪ್ಪು, ಗಾಜು ಕಪ್ಪಾದರೆ ಬತ್ತಿ ಏರಿಸುತ್ತೇವೆ, ಏರಿಸಿದರೆ ಮತ್ತೆ ಹೊಗೆ. "ಎಣ್ಣಿ ಸುಮ್‌ಸುಮ್ಮನ ಹೆಚ್ಚಿಗಿ ಉರಿಯಂಗಿಲ್ಲ ಮಗಳ. ಮನ್ಯಾಗ ಏನರೆ ಬದಲಾಗಿರ್ತದ" ಎನ್ನುವರು. ಬೀಗರು ಬಂದ ವಾರ ಹೆಚ್ಚು, ಚಳಿಗಾಲದ ಉದ್ದನೆ ರಾತ್ರಿಗೆ ಹೆಚ್ಚು. ಎಲ್ಲಕ್ಕೂ ಅವರಲ್ಲಿ ಕಾರಣವಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ. ನಿಜಾಮರ ಸೀಮೆಯ ನಮಗೆ ಅದಿನ್ನೂ ಬಂದಿರಲಿಲ್ಲ. ಗಡಿಯಾಚೆಯ ಸೊಲ್ಲಾಪುರದ ದಾರಿ ಬಂದ್ ಆಗಿ ಚಿಮಣಿ ಎಣ್ಣೆಗೆ ತತ್ವಾರ. ಜೇವರ್ಗಿಯಿಂದ ತಂದ ಡಬ್ಬಿಯನ್ನು ಅತ್ತೆ ತುಪ್ಪದ ಗಡಿಗೆಯಂತೆ ಕಾಯುತ್ತಿದ್ದರು. ಬೇಸಿಗೆಯಲ್ಲಿ ಕತ್ತಲು ತಡವಾಗಿ ಆಗುವುದರಿಂದ ಎಣ್ಣೆ ಉಳಿಯಬೇಕಿತ್ತು. ಡಬ್ಬಿ ಮಾತ್ರ ಮೊದಲಿಗಿಂತ ಬೇಗ ಬರಿದಾಗತೊಡಗಿತು.

ಅದೇ ಸುಮಾರಿಗೆ ನಮ್ಮಣ್ಣ ಬಂದು ಹೋಗಿದ್ದ.

"ನಿಮ್ಮಣ್ಣನ ಬಂಡ್ಯಾಗ ಬರೇ ಹೋಳಗಿ ಹೋದ್ವೋ, ಎಣ್ಣಿನೂ ಹೋತೋ ಬೇ?" ಎಂದರು ಅತ್ತೆ.

ಕಳ್ಳ ಸೊಸೆ ಎಂಬ ಹೆಸರು ಹೊತ್ತರೆ ತವರಿನಲ್ಲೂ ತಲೆ ಎತ್ತುವಂತಿರಲಿಲ್ಲ.

"ಏ, ತಡಿ. ಕಾರಣ ನಾ ಹುಡುಕ್ತೇನಿ" ಎಂದರು ಮಾವ. ಡಬ್ಬಿಯ ತಳ ಸವರಿದರು, ತೂತಿಲ್ಲ. ಹೊಸ ಬತ್ತಿ ಹಾಕಿದರು. ಎಣ್ಣೆಯಲ್ಲಿ ನೀರು ಬೆರೆತಿದೆಯೇನೋ ಎಂದು ಮೂಸಿದರು. ಯಾವುದೂ ಅಲ್ಲ.

ಬಿತ್ತಲು ತೊಗರಿ ಬೀಜ ಆರಿಸುವುದು ಅವರ ಸಂಜೆಯ ಕೆಲಸ. ಕೆಲವು ದಿನಗಳಿಂದ, ಅವರು ಆರಿಸಿಟ್ಟ ಬೀಜದಲ್ಲಿ ಹುಳು ಕೊರೆದವು ಮುಂಜಾನೆ ನನ್ನ ಕಣ್ಣಿಗೆ ಬೀಳುತ್ತಿದ್ದವು. ಯಾರಿಗೂ ಹೇಳದೆ ತೆಗೆದಿಡುತ್ತಿದ್ದೆ.

ಒಂದು ಸಂಜೆ ಪರಾತದಲ್ಲಿ ತೊಗರಿ ಹರವಿಕೊಂಡು ಕೂತವರು, "ಗಾಜು ಒರಸೀ ಏನವ್ವಾ?" ಎಂದರು.

"ಒರಸೇನ್ರಿ ಮಾವ."

"ಮತ್ತ್ಯಾಕ ಹಿಂಗ ಮಬ್ಬ ಅದ?"

ಬತ್ತಿ ಏರಿಸಿದರು. ಮತ್ತೂ ಏರಿಸಿದರು. ಎದುರಿಗೆ ಕೂತ ನನಗೆ ಬೆಳಕು ಕಣ್ಣಿಗೆ ಚುಚ್ಚಿ ಸೆರಗು ಅಡ್ಡ ಹಿಡಿಯಬೇಕಾಯಿತು. ಆಗ ತಿಳಿಯಿತು. ಆದರೆ ಸೊಸೆ ಮಾವನಿಗೆ ಯಾವ ಬಾಯಿಂದ ಹೇಳಬೇಕು?

"ಕಂದೀಲ ಇಳಸ್ರಿ! ಮನಿಗಿ ಬೆಂಕಿ ಹಚ್ಚೀರೇನು?" ಅತ್ತೆ ಅಡುಗೆಮನೆಯಿಂದ ಕೂಗಿದರು.

ಅವರ ಕೈ ನಿಂತಿತು. ಬತ್ತಿ ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಸೆರಗಿನ ಮರೆಯಲ್ಲಿದ್ದ ನನ್ನ ಕಡೆ ಮುಖ ತಿರುಗಿಸಿದರು.

"ಏ, ಇಲ್ಲಿ ಬಾ" ಎಂದು ಅತ್ತೆಯನ್ನು ಕರೆದರು. "ಇಕಿನ್ನ ಅನಬ್ಯಾಡ. ಎಣ್ಣಿ ಕುಡದದ್ದು ನನ್ನ ಕಣ್ಣು."

ಸೊಲ್ಲಾಪುರದಲ್ಲಿ ಕಣ್ಣಿನ ಡಾಕ್ಟರು ಇದ್ದರು, ಹೋಗುವ ದಾರಿ ಇರಲಿಲ್ಲ. ನಮ್ಮ ಸೀಮೆ ದೇಶಕ್ಕೆ ಸೇರಿ ದಾರಿ ತೆರೆಯುವಷ್ಟರಲ್ಲಿ ಮಳೆಗಾಲ ಮುಗಿಯುತ್ತ ಬಂದಿತ್ತು. ನನ್ನ ಗಂಡ ಕರೆದುಕೊಂಡು ಹೋದರು. ಇದು ಪೊರೆಯಲ್ಲ, ಹೋದ ನೋಟ ಮರಳುವುದಿಲ್ಲ, ಮೊದಲೇ ತರಬೇಕಿತ್ತು ಎಂದರಂತೆ ಡಾಕ್ಟರು. ಹಿಂದಿರುಗಿ ಬಂದ ಮಾವ ನನಗೆ ಹೇಳಿದ್ದು ಇಷ್ಟೇ: "ಇನ್ನ ನನ್ನ ಕಂದೀಲಿನ ಎಣ್ಣಿ ಉಳೀತು ನೋಡವ್ವಾ."

ಉಳಿಯಲಿಲ್ಲ. ಹನಿ ಹನಿಗೆ ಜಗಳವಾಡುತ್ತಿದ್ದ ಅತ್ತೆ, ಮಾವ ತೀರಿಕೊಳ್ಳುವವರೆಗೂ ಅವರ ಕೋಣೆಗೆ ದಿನಾ ಸಂಜೆ ತಾವೇ ಕಂದೀಲು ಹಚ್ಚಿಟ್ಟು ಬಂದರು.

ಈಗ ಮನೆಗೆ ಕರೆಂಟು ಇದೆ. ಒಂದೊಂದು ತಿಂಗಳು ಬಿಲ್ಲು ಏರಿ ಬರುತ್ತದೆ. ಮಗ ಮೀಟರಿನ ಮುಂದೆ ನಿಂತು, ಫ್ಯಾನು ಯಾರು ಆರಿಸಲಿಲ್ಲ, ಮೋಟರು ಯಾರು ಮರೆತರು ಎಂದು ಕೂಗಾಡುತ್ತಾನೆ. ಹೊಸದಾಗಿ ಬಂದ ಸೊಸೆ ತಲೆ ತಗ್ಗಿಸಿ ನಿಂತಿರುತ್ತಾಳೆ. ಕಾರಣ ನನಗೂ ತಿಳಿಯುವುದಿಲ್ಲ. ಎದ್ದು ಹೋಗಿ ಅವಳ ಪಕ್ಕಕ್ಕೆ ನಿಲ್ಲುತ್ತೇನೆ.