ಎಡಗೈ ರಾಟೆ

ದೊಡ್ಡಬಳ್ಳಾಪುರದ ನಮ್ಮ ನೇಯುವ ಮನೆಗೆ ಆಗಿನ್ನೂ ಪವರ್‌ಲೂಮ್ ಬಂದಿರಲಿಲ್ಲ. ದೊಡ್ಡವಳಾದ ವರ್ಷವೇ ನನ್ನ ಬಲಭುಜ ಮೇಲೆದ್ದು ಬೆನ್ನು ಸೊಟ್ಟಗಾಯಿತು. ಬಲಗೈಯಲ್ಲಿ ರಾಟೆ ತಿರುಗಿಸಿ, ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತಿದ್ದರಿಂದಲೇ ಹೀಗಾಯಿತೆಂದು ಅವ್ವ ನಂಬಿದಳು. ಎಡಗೈಯಲ್ಲಿ ತಿರುಗಿಸಿದರೆ ನೆಟ್ಟಗಾಗುತ್ತದಂತೆ. ತಿರುಗಿಸಿದೆ. ಕೈಯೇನೋ ಪಳಗಿತು, ಬೆನ್ನು ಹಾಗೇ ಇತ್ತು. ನಾಚಿಕೆಗೆ ಬೇಸಿಗೆಯಲ್ಲೂ ಸೆರಗು ಹೊದ್ದೇ ಇರುತ್ತಿದ್ದೆ.

ದೇವನಹಳ್ಳಿ ಕಡೆಯ ನೇಕಾರರು ಹೆಣ್ಣು ನೋಡಲು ಬಂದರು.

"ಎಲ್ಲಿ, ಒಂದು ಕಂಡಿಕೆ ಸುತ್ತಮ್ಮ, ನೋಡಾಣ" ಎಂದರು ಗಂಡಿನ ತಾಯಿ.

ಬೆನ್ನನ್ನು ಗೋಡೆಗೆ ಒತ್ತಿ ಕೂತೆ. ಗಮನವೆಲ್ಲ ಸೆರಗಿನ ಮೇಲೆ. ಅಭ್ಯಾಸಕ್ಕೆ ಎಡಗೈಯೇ ರಾಟೆಗೆ ಹೋಯಿತು.

"ಏನಕ್ಕಾ, ನಿಮ್ಮುಡುಗಿ ಎಡಚಿನಾ? ಬಡ್ಸೋದೂ ಅದೇ ಕೈಲಾ?"

ಅಲ್ಲ ಎಂದರೆ ಬೆನ್ನಿನ ವಿಷಯ ಹೇಳಬೇಕು. "ಹೂ ಕಣಕ್ಕಾ, ಹುಟ್ಟಿದಾಗ್ಲಿಂದ್ಲೂ" ಎಂದಳು ಅವ್ವ. ಬಂದವರು ನಾವು ಕೊಟ್ಟ ಬಾಳೆಹಣ್ಣನ್ನೂ ಮುಟ್ಟದೆ ಎದ್ದು ಹೋದರು.

"ಸದ್ಯ, ಬೆನ್ನು ಕಾಣ್ಲಿಲ್ಲ ಬಿಡು" ಎಂದಳು ಅವ್ವ. ನನಗೂ ಹಾಗೇ ಅನ್ನಿಸಿತು.

ಮುಂದೆ ಬೆಂಗಳೂರಿನ ಡಾಕ್ಟರೊಬ್ಬರು, ಬೆಳೆಯುವ ವಯಸ್ಸಿನಲ್ಲಿ ಕೆಲವು ಹುಡುಗಿಯರ ಬೆನ್ನುಮೂಳೆ ತಾನಾಗಿಯೇ ಬಾಗುತ್ತದೆ, ರಾಟೆಯಿಂದಲ್ಲ ಎಂದರು. ಅವರಿಗೆ ನನ್ನ ಸೆರಗು ಸರಿಸಿ ತೋರಿಸಿದವಳು ಅವ್ವ. ನಾನು ಗೋಡೆ ನೋಡುತ್ತಾ ಕೂತಿದ್ದೆ.