ಹಗ್ಗ ಹಿಡಿದವಳು

ಅಲ್ ಖುವೈರಿನ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಅವಳು. ಕೆರಿಬಿಯನ್ ದ್ವೀಪವೊಂದರ ಕಾರ್ನಿವಲ್‌ಗೆ ಸ್ವಯಂಸೇವಕರಾಗಿ ಹೋಗಲು ಇಬ್ಬರೂ ರಜೆ ಕೇಳಿದ್ದೆವು, ಸಿಕ್ಕಿದ್ದು ಅವಳಿಗೆ. ಬೀದಿ ಮೆರವಣಿಗೆಯಲ್ಲಿ ಕುಣಿಯುವವರ ಸುತ್ತ ಹಗ್ಗ ಹಿಡಿದು ನಡೆಯುತ್ತ, ನೋಡಲು ಬಂದವರು ಒಳನುಗ್ಗದಂತೆ ತಡೆಯುವುದು ಅಲ್ಲಿ ಅವಳ ಕೆಲಸವಂತೆ. ಬಂದ ಮೇಲೆ ಊಟದ ಡಬ್ಬಿ ತೆರೆದಾಗಲೆಲ್ಲ ಎರಡೂ ಮುಷ್ಟಿ ಬಿಗಿಹಿಡಿದು, “ಹಗ್ಗ ಸಡಿಲ ಬಿಡ್ಲಿಕ್ಕಿಲ್ಲ ಮಾರಾಯ್ತಿ” ಎನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿದೆ: “ಅಂದ್ರೆ, ನೀನು ಒಂದು ಹೆಜ್ಜೆಯೂ ಕುಣಿಲಿಲ್ವಾ?”

“ಇಲ್ಲ. ಅವರೆಲ್ಲ ಕುಣಿದದ್ದು ನನ್ನ ಹಗ್ಗದೊಳಗಲ್ವಾ!” ಎಂದು ನಕ್ಕು, ತನ್ನ ಮೀನುಸಾರಿನಲ್ಲಿ ಅರ್ಧ ನನ್ನ ಅನ್ನಕ್ಕೆ ಸುರಿದಳು.

ಆ ಸಂಜೆ ಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತೆ. ನನ್ನ ಹಗ್ಗದಲ್ಲಿ ಕುಣಿದದ್ದು ಗಂಡನ ಎರಡು ಅಂಗಿ ಮಾತ್ರ.