ಕೆಂಪತ್ತೆ ಹಾಸಿದ ಎರಡು ಎಲೆ

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ನಮ್ಮ ಕೆಂಪತ್ತೆ ಎರಡು ಬಾಳೆಲೆ ಹೆಚ್ಚಿಗೆ ಹಾಸುತ್ತಿದ್ದಳು. ಬೂಕನಕೆರೆಗೆ ಕೊಟ್ಟಿದ್ದ ತನ್ನ ಅಕ್ಕನಿಗೊಂದು, ದೇವಲಾಪುರಕ್ಕೆ ಕೊಟ್ಟಿದ್ದ ತಂಗಿಗೊಂದು. ಇಬ್ಬರೂ ನಲವತ್ತು ದಾಟುವ ಮೊದಲೇ ಎದೆಯ ಗಂಟಿನಿಂದ ತೀರಿಕೊಂಡವರು. ಅಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಕೊಟ್ಟ ಎಣ್ಮಕ್ಳಿಗೆ ಅವ್ರ ಗಂಡನ ಮನೇಲಿ ಎಡೆ ಇಕ್ತಾರೆ ಬುಡಕ್ಕ. ನಮ್ಮನೇಲಿ ಯಾಕೆ?"

"ರಕ್ತಕ್ಕೆ ಗಂಡನ ಮನೆ, ತವ್ರು ಮನೆ ಅಂತ ಗೊತ್ತಾಯ್ತದೇನ್ಲಾ?" ಎನ್ನುತ್ತಾ ಅತ್ತೆ ಎಲೆಗೆ ನೀರು ಚಿಮುಕಿಸುತ್ತಿದ್ದಳು.

ಕೆಂಪತ್ತೆ ಅಪ್ಪನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಅರಕೆರೆಯ ನಮ್ಮ ಮನೆಗೆ ವಾಪಸು ಬಂದವಳು. ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅರ್ಧ ಊರಿನೊಂದಿಗೆ ಜಗಳ, ಇನ್ನರ್ಧದೊಂದಿಗೆ ನಗು ಮುಗಿಸಿರುತ್ತಿದ್ದಳು. ಕಾಲೇಜಿಗೆ ಹೊರಟ ನನಗೆ ಜಡೆ ಹೆಣೆಯುತ್ತಾ, "ನೀರು ಉಯ್ಕೊಳ್ಳೋವಾಗ ಮೈ ಮುಟ್ಟಿ ನೋಡ್ಕತೀಯ ತಾನೆ ಮಗಾ?" ಎಂದು ಕೇಳುತ್ತಿದ್ದಳು. ನಾಚಿಕೆಯಾಗಿ ನಾನು ತಲೆ ಕೊಡವಿಕೊಂಡು ಓಡುತ್ತಿದ್ದೆ. ಅಂಥ ಹೆಂಗಸು ತನ್ನ ಎದೆಯ ಗಂಟನ್ನು ಮಾತ್ರ ಒಂದು ವರ್ಷ ಯಾರಿಗೂ ಹೇಳಲಿಲ್ಲ. ತವರಿಗೆ ಭಾರವಾಗಬಾರದಂತೆ! ಇವತ್ತಿಗೂ ಅದನ್ನು ನೆನೆದರೆ ನನಗೆ ಕೋಪವೇ ಬರುತ್ತದೆ, ಕೋಪದ ಹಿಂದೆಯೇ ಅಳು.

ತೊಂಬತ್ತರ ದಶಕದ ಕೊನೆಯ ಮಾತು. ಕೊನೆಗೂ ಗಂಟಿನ ವಿಷಯ ಹೊರಬಿದ್ದು ಅಪ್ಪನೂ ನಾನೂ ಅತ್ತೆಯನ್ನು ಕರೆದುಕೊಂಡು ಹೋದಾಗ, ಮೈಸೂರಿನ ಡಾಕ್ಟರು ಇದು ಕ್ಯಾನ್ಸರ್ ಎಂದು ಹೇಳಿ, "ಮನೆಯಲ್ಲಿ ಇನ್ಯಾರಿಗಾದರೂ ಈ ಕಾಯಿಲೆ ಬಂದಿತ್ತಾ?" ಎಂದು ಕೇಳಿದರು.

"ನಮ್ಮನೇಲಿ ಯಾರ್ಗೂ ಇಲ್ಲ ಸಾ," ಎಂದ ಅಪ್ಪ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಕೊಟ್ಟ ಹೆಣ್ಣುಮಕ್ಕಳು ಅವನ ಮಟ್ಟಿಗೆ ನಮ್ಮ ಮನೆಯವರಾಗಿರಲಿಲ್ಲ, ಅಷ್ಟೇ.

ಅತ್ತೆ ತಡೆದು ಇಬ್ಬರ ಹೆಸರನ್ನೂ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಯಹೂದಿಗಳೆಂಬ ಜನರಲ್ಲಿ ಕೆಲವು ಮನೆತನಗಳಿಗೆ ಈ ಅಪಾಯ ರಕ್ತದಲ್ಲೇ ಇಳಿದು ಬರುವುದನ್ನು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ, ನಿಮ್ಮದೂ ಅಂಥ ಮನೆತನವಿರಬಹುದು, ಆ ಪರೀಕ್ಷೆ ಇಲ್ಲಿಲ್ಲ, ಗಂಡಸರಿಗೆ ಕಾಯಿಲೆ ಬಾರದಿದ್ದರೂ ಅವರಿಂದ ಮಗಳಿಗೆ ದಾಟಬಹುದು ಎಂದು ಬಿಡಿಸಿ ಹೇಳಿದರು.

"ಅವ್ರು ಯಾವೂರ್ನೋರೋ ಕಾಣೆ. ಅವ್ರ ಎಣ್ಮಕ್ಳೂ ನಮ್ಮಂಗೇ ಅನ್ನಿ," ಎಂದು ಅತ್ತೆ ನಿಟ್ಟುಸಿರು ಬಿಟ್ಟಳು. ಆಮೇಲೆ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದಳು. "ನಂದು ಆಗೋಯ್ತು ಸಾ. ಈ ಮಗೀನ ನೋಡಿ."

ಅಪ್ಪ ನನ್ನನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ.

ಮುಂದಿನ ಪಿತೃಪಕ್ಷಕ್ಕೆ ಅತ್ತೆ ಇರಲಿಲ್ಲ. ಹೆಚ್ಚಿನ ಎಲೆಗಳನ್ನೂ ಅಪ್ಪನೇ ಹಾಸಿದ. ಮಾರನೆಯ ದಿನ ನನ್ನನ್ನು ಮೈಸೂರಿಗೆ ತಪಾಸಣೆಗೆ ಕರೆದುಕೊಂಡು ಹೋದ. ಹೊಸ ಡಾಕ್ಟರಮ್ಮ ಚೀಟಿ ತೆಗೆದು ಅದೇ ಪ್ರಶ್ನೆ ಕೇಳಿದರು.

ಅಪ್ಪ ಎದ್ದು ನಿಂತು ಒಬ್ಬೊಬ್ಬರ ಹೆಸರನ್ನೇ ಹೇಳಿದ. ಕೊನೆಯದು ಕೆಂಪಕ್ಕನದು.

"ಬರ್ಕಳಿ ತಾಯಿ," ಎಂದ. "ಮೂರು ಜನಾನೂ ನಮ್ಮನೆಯವ್ರೇ."